ಬೆಡ್‌ಶೀಟ್ ಒಣಗುವ ತನಕ

ಬೀದಿಯವರ ಬಾಯಲ್ಲಿ ಅವಳು ಲಾಂಡ್ರಿ ಅಕ್ಕ. ತೊಟ್ಟಿಯ ಮುಚ್ಚಳ ತೆಗೆದವಳೇ ತಟ್ಟನೆ ಮುಚ್ಚಿದಳು. ಇನ್ನೊಮ್ಮೆ ತೆಗೆದರೂ ಅದೇ ಕತೆ: ಲಾಡ್ಜಿನ ಬಿಳಿ ಬೆಡ್‌ಶೀಟುಗಳೆಲ್ಲ ಹಾಲಿಲ್ಲದ ಚಹಾದಲ್ಲಿ ಅದ್ದಿದ ಬಣ್ಣಕ್ಕೆ ತಿರುಗಿದ್ದವು. ಅವು ಕಳೆದುಕೊಂಡ ಬಿಳುಪೆಲ್ಲ ಅವಳ ಮುಖಕ್ಕೆ ಬಂದಿತ್ತು.

ಇನ್ನೊಂದು ಸಲ ಹಳದಿ ಬಟ್ಟೆ ಕಂಡರೆ ಕೆಲಸ ಬೇರೆಯವರಿಗೆ ಎಂದು ಲಾಡ್ಜಿನ ಮ್ಯಾನೇಜರ್ ಹೇಳಿ ಹೋಗಿದ್ದ. ಆ ಹೆದರಿಕೆಗೇ ಬಾವಿ ನೀರಿನ ಕಬ್ಬಿಣ ಸೋಸುವ ಫಿಲ್ಟರ್ ಹಾಕಿಸಿದ್ದರು. ಇವತ್ತು ಮಧ್ಯಾಹ್ನ ಆತ ಬಟ್ಟೆ ಒಯ್ಯಲು ಬರುವವನಿದ್ದ.

"ಐಡಿಯಾ! ಏನೋ ಮಾಡ್ದೆ ಇದಕ್ಕೆ?"

ಐಡಿಯಾ ಎಂದರೆ ಅವಳ ಮೈದುನ. ಮನೆಯಲ್ಲಿ ಏನೇ ಕೆಡಲಿ, ಅದಕ್ಕೆ ಸ್ವಲ್ಪ ಮುಂಚೆ ಅವನಿಗೊಂದು ಐಡಿಯಾ ಬಂದಿರುತ್ತಿತ್ತು.

"ಫಿಲ್ಟರಿನ ಮರಳು ತೊಳೀತಾ ಇದ್ನಲ್ಲ ಅತ್ತಿಗೆ, ಸುಮ್ನೆ ಯಾಕೆ ಕಾಯೋದು ಅಂತ ಸೀದಾ ಬಾವಿ ನೀರು ಬಿಟ್ಟೆ. ಕನ್ನಡಿ ಥರ ಇತ್ತು! ಇನ್ನೂ ಬೆಳ್ಳಗಾಗ್ಲಿ ಅಂತ ಒಂದಿಷ್ಟು ಬ್ಲೀಚಿಂಗ್ ಪೌಡರ್..."

"ಕಬ್ಬಿಣ ಅದರೊಳಗೇ ಕರಗಿ ಕೂತಿರತ್ತೆ ಕಣೋ! ಬ್ಲೀಚಿಂಗ್ ಬಿದ್ರೆ ತುಕ್ಕಾಗಿ ಎದ್ದು ಬಟ್ಟೆ ಹಿಡ್ಕೊಳತ್ತೆ."

"ಇವನ ತಲೆಗೂ ಒಂದು ಫಿಲ್ಟರ್ ಹಾಕ್ಸಿ," ಎಂದರು ಅತ್ತೆ, ಬಾಗಿಲಲ್ಲೇ ನಿಂತು. "ತಲೆ ಓಡ್ಸಿದ್ದು ಸಾಕು, ಈಗ ಕಾಲು ಓಡ್ಸು. ಅಂಗಡಿಯಿಂದ ಏನು ಬೇಕೋ ಕೇಳು."

ಬೇಕಾಗಿದ್ದು ನಿಂಬೆಹುಳಿ ಪುಡಿ. ಅದು ತುಕ್ಕು ಬಿಡಿಸುತ್ತದೆ. ಆದರೆ ಬ್ಲೀಚಿಂಗ್ ಜೊತೆ ಸೇರಿದರೆ ಉಸಿರುಗಟ್ಟಿಸುತ್ತದೆ. ಹಾಗಾಗಿ ಮೊದಲು ಫಿಲ್ಟರ್ ನೀರಿನಲ್ಲಿ ವಾಸನೆ ಹೋಗುವ ತನಕ ಜಾಲಿಸಲೇಬೇಕು. ಬಿಸಿಲು ನೆತ್ತಿಗೇರುತ್ತಿತ್ತು. ಆದರೂ ಜಾಲಿಸಿದಳು, ಮೂಸಿದಳು, ಮತ್ತೆ ಜಾಲಿಸಿದಳು. ಆಮೇಲೆ ಮೈದುನ ಓಡಿಹೋಗಿ ತಂದ ಪುಡಿ ಕರಗಿಸಿ, ಆ ಹುಳಿ ನೀರಿನಲ್ಲಿ ನೆನೆಹಾಕಿದಳು. ಚಹಾ ಬಣ್ಣ ಮೆಲ್ಲಗೆ ಬಿಟ್ಟಿತು. ಬಿಟ್ಟಿತೋ, ಬಿಟ್ಟ ಹಾಗೆ ಮಾಡಿತೋ? ಒದ್ದೆ ಬಟ್ಟೆಯಷ್ಟು ಸಲೀಸಾಗಿ ಸುಳ್ಳು ಹೇಳುವವರು ಯಾರೂ ಇಲ್ಲ. ಒಳಗುಳಿದ ಹಳದಿ ಬಾಯಿ ಬಿಡುವುದು ಒಣಗಿದ ಮೇಲೆಯೇ.

ಮೊದಲ ಬೆಡ್‌ಶೀಟು ತಂತಿಗೇರುವಾಗಲೇ ಹೊರಗೆ ವ್ಯಾನ್ ಬಂದು ನಿಂತಿತು.

"ರೆಡಿನಾ ಅಕ್ಕ?" ಮ್ಯಾನೇಜರ್ ಹೊರಗಿನಿಂದಲೇ ಕೂಗಿದ.

"ಹಸಿಹಸಿ ಮಡಚಿ ಕೊಟ್ಬಿಡಿ ಅತ್ತಿಗೆ, ಏನೂ ಕಾಣಲ್ಲ," ಪಿಸುಗುಟ್ಟಿದ ಮೈದುನ. ಮತ್ತೊಂದು ಐಡಿಯಾ!

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಬೆಳಿಗ್ಗೆ ಎಲ್ಲಾ ಹಳದಿಯಾಗೋಗಿತ್ತು ಸಾರ್. ನಮ್ಮದೇ ತಪ್ಪು. ಈಗ ಹೋಗಿದೆ ಅನ್ಕೊಂಡಿದೀವಿ. ಒಣಗಿದ್ಮೇಲೇ ಗೊತ್ತಾಗೋದು."

ಮ್ಯಾನೇಜರ್ ಮುಖ ಗಂಟಾಯಿತು. ಸೀದಾ ಒಳಗೆ ಬಂದು ಬೆಡ್‌ಶೀಟಿನ ಎದುರು ನಿಂತ. ಅತ್ತೆ ನಿಂತರು, ಮೈದುನ ನಿಂತ. ಗಾಳಿ ಮಾತ್ರ ತನ್ನ ಪಾಡಿಗೆ ಓಡಾಡುತ್ತಿತ್ತು. ಮೊದಲು ಅಂಚು ಒಣಗಿತು: ಬಿಳಿ. ಅತ್ತೆ ಕನ್ನಡಕ ಒರೆಸಿ ನೋಡಿದರು: ಆಗಲೂ ಬಿಳಿ. ನಡುಭಾಗ ಇನ್ನೂ ಒದ್ದೆ.

ಮ್ಯಾನೇಜರ್ ವ್ಯಾನಿನ ಕಡೆ ತಿರುಗಿದ.

"ಇಂಜಿನ್ ಆಫ್ ಮಾಡಪ್ಪಾ!" ಎಂದು ಡ್ರೈವರಿಗೆ ಕೂಗಿದವನು, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ. "ಮಿಕ್ಕಿದ್ದನ್ನೂ ಹರವಿ ಅಕ್ಕ. ನೋಡೇ ಹೋಗ್ತೀನಿ."