ಎದುರು ಬಾಲ್ಕನಿಯ ಹೆಂಗಸು

ಶುಕ್ರವಾರ ಬೆಳಿಗ್ಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇರುವಷ್ಟು ಮೌನ ಇಡೀ ದೋಹಾದಲ್ಲಿ ಎಲ್ಲೂ ಸಿಗದು. ವಾರವಿಡೀ ಕಬ್ಬಿಣ ಕೊಯ್ಯುವ, ಲಾರಿ ಹಿಂದೆ ತೆಗೆಯುವ ಸದ್ದಿಗೆ ಕಿವಿ ತೂತಾಗುವ ಬೀದಿಗಳಲ್ಲಿ ಅಂದು ಬೆಕ್ಕುಗಳದ್ದೇ ರಾಜ್ಯಭಾರ. ಅಲ್ಲೊಂದು ಶಟರಿನ ಹಿಂದೆ ರಾಹಿಲಾಳ ಅಪ್ಪ ಇಬ್ರಾಹಿಂ ಅವರ ಸೋಫಾ ವರ್ಕ್‌ಶಾಪ್. ರಜೆಯ ದಿನ ಅದರ ಕೀಲಿ ಮಗಳ ಕೈಗೆ. ಬಟ್ಟೆ ಹೊದಿಸದ, ಹೊಟ್ಟೆಯ ಸ್ಪಂಜು ತೋರಿಸಿಕೊಂಡು ನಿಂತ ಸೋಫಾಗಳ ಮೇಲೆ ಕುಳಿತು ನಾಲ್ವರು ಕಲಾ ವಿದ್ಯಾರ್ಥಿಗಳು ಒಬ್ಬರ ಚಿತ್ರವನ್ನು ಇನ್ನೊಬ್ಬರು ಹಿಂಜಿ ಹತ್ತಿ ಮಾಡುವ ಜಾಗ ಅದು.

ಕಾಲೇಜು ಬೇರೆ ಬೇರೆಯಾದರೂ ನಾಲ್ವರೂ ಕರಾವಳಿ ಕಡೆಯ ಮನೆಗಳ ಮಕ್ಕಳು. ರಾಹಿಲಾ ಬಾಯಿ ತೆರೆದರೆ ಮುಚ್ಚುವವಳಲ್ಲ. ಆನ್ಸೆಲ್ಮ್ ಯಾವ ಚಿತ್ರ ಕಂಡರೂ ಫೋನಿನಲ್ಲಿ ಹುಡುಕಿ, ಇದು ಇಂಥವರ ಹಾಗೆ ಉಂಟು ಎಂದು ಜಾತಕ ತೆಗೆಯುವವನು. ಸುಪ್ರೀತ್ ಎಲ್ಲದಕ್ಕೂ ತಲೆಯಾಡಿಸುತ್ತ ಕೂತು ಕೊನೆಗೆ ಒಂದೇ ಮಾತಿನಲ್ಲಿ ಕೊಂದು ಹಾಕುವವನು. ನಾಲ್ಕನೆಯವಳು ನಿಶ್ಮಿತಾ. ಅವಳು ಕೂಟಕ್ಕೆ ಬಾರದೆ ಒಂದು ಚಳಿಗಾಲವೇ ಕಳೆದಿತ್ತು.

ಕೂಟಕ್ಕೆ ಎರಡು ಕಟ್ಟಳೆಗಳಿದ್ದವು. ಮೊದಲನೆಯದು, ಚಿತ್ರ ತಂದವರು ಉಳಿದವರೆಲ್ಲ ಹೇಳಿ ಮುಗಿಸುವ ತನಕ ತುಟಿ ಪಿಟಕ್ಕೆನ್ನಬಾರದು. ಕೊನೆಗೆ ಬಾಯಿ ಬಿಟ್ಟಾಗ ತಮ್ಮ ಮೇಲೆ ಪ್ರಭಾವ ಬೀರಿದವರ ಹೆಸರು ಹೇಳಬೇಕು. ಎರಡನೆಯ ಕಟ್ಟಳೆಗೆ ಅವರು ಇಟ್ಟ ಹೆಸರು 'ಕೈ ಕ್ರಿಟ್', ಎಂದರೆ ಕೈಯಿಂದ ಮಾಡುವ ವಿಮರ್ಶೆ. ಬಾಯಲ್ಲಿ ಹೇಳಲಾಗದ್ದನ್ನು ಯಾರು ಬೇಕಾದರೂ ಎದ್ದು ಬಂದು ಆ ಚಿತ್ರದ ಮೇಲೆಯೇ ಮಾಡಿ ತೋರಿಸಬಹುದು. ಗೆರೆ ಎಳೆಯಬಹುದು, ಒರೆಸಬಹುದು, ಬೇಕೆನಿಸಿದರೆ ಹರಿಯಲೂಬಹುದು. ಇದು ರಾಹಿಲಾ ತಂದ ಕಾನೂನು. "ಚಿತ್ರದ ಮೇಲೆ ಮೋಹ ಬಂತೋ, ಖಲಾಸ್. ಮತ್ತೆ ಕಲಿಯುದು ಮಾಫಿ, ಇಲ್ಲವೇ ಇಲ್ಲ," ಎನ್ನುತ್ತಿದ್ದಳು. ಅವಳದೇ ಚಿತ್ರವನ್ನು ಸುಪ್ರೀತ್ ಒಮ್ಮೆ ಸೋಫಾ ಬಟ್ಟೆಯ ಕತ್ತರಿಯಿಂದ ಅರ್ಧ ಮಾಡಿದಾಗ ಮೊದಲು ಚಪ್ಪಾಳೆ ತಟ್ಟಿದವಳೂ ಅವಳೇ.

ಅಂದು ನಿಶ್ಮಿತಾ ಗೋಡೆಗೆ ಅಂಟಿಸಿದ್ದು ತನ್ನ ಚಿತ್ರವನ್ನಲ್ಲ, ಅಮ್ಮ ವಸಂತಿಯದನ್ನು. ಉಳಿದ ಮೂವರಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗಲೂ ಬಾರದಿತ್ತು.

ವಸಂತಿ ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೂತು ಟೋಕನ್ ಕೊಡುತ್ತಿದ್ದವರು. ತಮಗೇ ಕಾಯಿಲೆ ಹಿಡಿದು ಕೆಲಸ ಬಿಟ್ಟ ಮೇಲೆ ಅಲ್ ಹಿಲಾಲ್ ಬಡಾವಣೆಯ ಫ್ಲಾಟಿನ ಬಾಲ್ಕನಿಯೇ ಅವರ ಲೋಕವಾಯಿತು. ಮೊದಲೆಲ್ಲ ಶುಕ್ರವಾರ ಮಗಳು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ಇವತ್ತು ಯಾರಿಗೆ ಮಂಗಳಾರತಿ ಆಯ್ತು ಮಗಾ?" ಎಂದು ಕೇಳಿ, ಯಾರು ಏನು ಬೈದರು ಎಂಬುದನ್ನೆಲ್ಲ ಹೇಳಿಸಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಆಮೇಲೊಂದು ದಿನ ಮಗಳ ಡಬ್ಬಿಯಲ್ಲಿ ಉಳಿದಿದ್ದ ಚಾರ್ಕೋಲ್ ಇದ್ದಿಲಿನ ತುಂಡುಗಳನ್ನು ಎತ್ತಿಕೊಂಡು ತಾವೇ ಶುರು ಮಾಡಿದರು. ಎದುರು ಕಟ್ಟಡ, ಅದರ ಎಸಿ ಡಬ್ಬಗಳು, ಡಿಶ್ಶುಗಳು, ಒಣಗಲು ಹಾಕಿದ ಟವೆಲ್ಲುಗಳು, ಸಾಲು ಸಾಲು ಬಾಲ್ಕನಿಗಳು. ಕೈ ನೋಯುತ್ತಿದ್ದುದರಿಂದ ದಿನಕ್ಕೊಂದು ಕಿಟಕಿ, ಒಂದೊಂದು ದಿನ ಅದೂ ಇಲ್ಲ. ಕೊನೆಕೊನೆಗೆ ಎದುರು ಬಾಲ್ಕನಿಯೊಂದರಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕ ಹೆಂಗಸನ್ನು ನಿಲ್ಲಿಸಿದರು.

"ಯಾರಮ್ಮ ಇದು? ಆ ಮನೆಯಲ್ಲಿ ಫಿಲಿಪೀನಿ ಹುಡುಗರಲ್ವಾ ಇರೋದು?"

"ನಾನು. ಆಚೆಯಿಂದ ನಮ್ಮ ಮನೆ ಹೇಗೆ ಕಾಣ್ತದೆ ಅಂತ ನೋಡ್ತಾ ಇದ್ದೇನೆ."

ನಿಶ್ಮಿತಾ ನಕ್ಕಳು. ವಸಂತಿ ನಗಲಿಲ್ಲ. ಮಸಿ ಮೆತ್ತಿದ ಬೆರಳನ್ನು ನೈಟಿಗೆ ಒರೆಸಿಕೊಳ್ಳುತ್ತ, "ಇದನ್ನು ನಿಮ್ಮ ಕೂಟದಲ್ಲಿ ಇಡು ಮಗಾ. ನನ್ನದು ಅಂತ ಮಾತ್ರ ಹೇಳ್ಬೇಡ," ಎಂದರು.

"ಯಾಕಮ್ಮ?"

"ಹೇಳಿದ್ರೆ ಪಾಪ ಅಂತ ಹೊಗಳ್ತಾರೆ. ಈಗ ನಾನು ಗಂಜಿ ಕುಡಿದ್ರೂ ಹೊಗಳ್ತಾರೆ ಮಾರಾಯ್ತಿ, ಭಾರೀ ಚಂದ ಕುಡಿದ್ರಿ ಅಂತ. ನಂಗೆ ನಿಜ ಬೇಕು. ಬೈದ್ರೂ ಅಡ್ಡಿಯಿಲ್ಲ."

ಆಯ್ತು ಎಂದಳು ಮಗಳು. ಆ ವಾರವೇ ಆಸ್ಪತ್ರೆ, ಅಲ್ಲಿಂದ ಮುಂದಿನದೆಲ್ಲ ಬೇಗ ಬೇಗ. ಅಪ್ಪ ಯಜ್ಞೇಶ್ ಮತ್ತು ಅವಳು ಊರಿಗೆ ಹೋಗಿ ಅಮ್ಮನ ಕಾರ್ಯವೆಲ್ಲ ಮುಗಿಸಿ ಮರಳಿದಾಗ ಚಿತ್ರ ಬಾಲ್ಕನಿಯ ಬಾಗಿಲ ಹಿಂದೆ ಒರಗಿಸಿಟ್ಟಲ್ಲೇ ಇತ್ತು. ಅಮ್ಮ ಕೇಳಿದ್ದ ನಿಜ ಬಾಕಿ ಉಳಿದಿತ್ತು. ಕೈ ಕ್ರಿಟ್‌ನ ನೆನಪು ನಿಶ್ಮಿತಾಳಿಗೆ ಬಾರದೇ ಇರಲಿಲ್ಲ. ಆದರೆ ಕೈ ಹಾಕುವುದು ಸೋತ ಚಿತ್ರಕ್ಕೆ ತಾನೇ? ಇದರ ಮುಂದೆ ಯಾರ ಕೈ ಏಳುತ್ತದೆ? ಅಷ್ಟು ಧೈರ್ಯವಿತ್ತು ಅವಳಿಗೆ ಅಮ್ಮನ ಚಿತ್ರದ ಮೇಲೆ.

"ಯಲ್ಲಾ, ಶುರು," ಎಂದಳು ರಾಹಿಲಾ. ಗೋಡೆಯ ಹತ್ತಿರ ಹೋಗಿ, ಹಿಂದೆ ಬಂದು, ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನಿಶ್ಶು, ಇದು ನಿನ್ನ ಕೈಯಾ? ನೀನು ಹೆದರಿ ಹೆದರಿ ಗೆರೆ ಎಳೆಯುವವಳು. ಪೇಪರಿಗೆ ನೋವಾಗ್ತದೋ ಅಂತ. ಇದು ಎಂತ ಮಾರಾಯ್ತಿ ಇಷ್ಟು ಒತ್ತಿ ಎಳ್ದಿದ್ದಿ!"

ನಿಶ್ಮಿತಾ ಮುಂದಕ್ಕೆ ಬಗ್ಗಿ ಕುಳಿತಳು. ಕೇಳು ಅಮ್ಮ, ಕೇಳು.

"ಎಸಿ ಡಬ್ಬ ಒಂದೂ ನೆಟ್ಟಗಿಲ್ಲ," ಎಂದ ಸುಪ್ರೀತ್. "ಪರ್ಸ್‌ಪೆಕ್ಟಿವ್ ಪೂರಾ ಸತ್ತು ಹೋಗಿದೆ. ಆದ್ರೆ ನಾನು ಸರಿ ಮಾಡ್ಲಿಕ್ಕೆ ಹೋಗುದಿಲ್ಲ. ಸರಿ ಮಾಡಿದ್ರೆ ಹಾಳಾಗ್ತದೆ."

"ಕಲಿಯದವರ ಹಾಗೆ ಬಿಡಿಸ್ಲಿಕ್ಕೆ ನೋಡಿದ್ದಾಳೆ. ಈಗ ಅದೇ ಟ್ರೆಂಡ್," ಎಂದ ಆನ್ಸೆಲ್ಮ್, ಫೋನಿನಿಂದ ತಲೆ ಎತ್ತದೆ.

"ನಿನ್ನ ಟ್ರೆಂಡನ್ನು ತೆಗೆದು ಒಲೆಗೆ ಹಾಕು," ಎಂದಳು ರಾಹಿಲಾ. "ಕಣ್ಣು ಬಿಟ್ಟು ಟವೆಲ್ ನೋಡು. ಒದ್ದೆ ಟವೆಲ್ಲಿನ ಭಾರ ಕಾಣ್ತದೆ. ನಿನ್ನ ಜನ್ಮದಲ್ಲಿ ಬಿಡಿಸಿದ್ದಿಯಾ ಅಂಥದ್ದು?"

"ಟವೆಲ್ ಓಕೆ ಮಾರಾಯ್ತಿ. ಆ ಹೆಂಗಸು ಯಾಕೆ?"

ನಿಶ್ಮಿತಾ ಕುಳಿತಲ್ಲೇ ನೆಟ್ಟಗಾದಳು.

ಸುಪ್ರೀತ್ ತಲೆಯಾಡಿಸಿದ. "ಹೌದು, ಅವಳು ಬೇಡ ಇತ್ತು. ಬಾಕಿ ಎಲ್ಲ ನೋಡಿ ಬಿಡಿಸಿದ್ದು, ಅವಳು ಮಾತ್ರ ನೆನೆಸಿಕೊಂಡು ಬಿಡಿಸಿದ್ದು. ಗಲ್ಫಿನ ಬಾಲ್ಕನಿಯಲ್ಲಿ ಒಂಟಿ ಹೆಂಗಸು. ಕ್ಯಾಲೆಂಡರಿನಲ್ಲಿ ಹಾಕ್ಬಹುದು."

"ಅದೇ ನಾನೂ ಹೇಳ್ಬೇಕು ಅಂತಿದ್ದದ್ದು," ಎನ್ನುತ್ತ ರಾಹಿಲಾ ಬ್ಯಾಗಿನಿಂದ ಹಿಟ್ಟಿನ ಮುದ್ದೆಯಂಥ ಮೆತ್ತನೆಯ ರಬ್ಬರು ತೆಗೆದು ಬೆರಳುಗಳ ನಡುವೆ ಮಿದ್ದುತ್ತ ಎದ್ದಳು.

ನಿಶ್ಮಿತಾಳ ಬಾಯಿ ತೆರೆಯಿತು. ಬೇಡ ಎಂಬ ಎರಡೇ ಅಕ್ಷರ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಅಮ್ಮನ ಹೆಸರು ಬರುತ್ತದೆ, ಬಂದರೆ ಮೂವರ ಮುಖವೂ ಪಾಪ ಎಂದು ಸಣ್ಣಗಾಗುತ್ತದೆ. ಇಷ್ಟೆಲ್ಲ ಒಮ್ಮೆಲೇ ತಲೆಯೊಳಗೆ ಓಡಿತು. ಇವುಗಳ ಅಡಿಯಲ್ಲಿ ಇನ್ನೂ ಒಂದೇನೋ ಓಡಿತು. ಅವಳು ಬಾಯಿ ಮುಚ್ಚಿದಳು.

ರಾಹಿಲಾ ಒತ್ತಿ ತಿಕ್ಕುವವಳಲ್ಲ. ರಬ್ಬರನ್ನು ಚೂಪು ಮಾಡಿ, ಮಗುವಿನ ಕೆನ್ನೆಯ ಬೆವರು ಒತ್ತುವ ಹಾಗೆ ಒತ್ತಿ ಒತ್ತಿ ಎತ್ತಿದಳು. ಮೊದಲು ತಲೆ ಹೋಯಿತು. ಆಮೇಲೆ ಭುಜ. ಕಟಕಟೆಯ ಮೇಲಿಟ್ಟ ಕೈ ಕೊನೆಗೆ ಹೋಯಿತು. ಅವಳು ಪಕ್ಕಕ್ಕೆ ಸರಿದಾಗ ಎಲ್ಲ ಬಾಲ್ಕನಿಗಳೂ ಖಾಲಿಯಾಗಿದ್ದವು.

ಆನ್ಸೆಲ್ಮ್ ಫೋನನ್ನು ತೊಡೆಯ ಮೇಲೆ ಮಗುಚಿಟ್ಟ. ಈಗ ಟವೆಲ್ಲುಗಳು ಯಾರವು ಎಂಬ ಪ್ರಶ್ನೆ ಹುಟ್ಟುತ್ತಿತ್ತು. ಇಡೀ ಕಟ್ಟಡ ಈಗಷ್ಟೇ ಎದ್ದು ಹೋದವರಿಗಾಗಿ ಕಾದು ನಿಂತಂತೆ ಕಾಣುತ್ತಿತ್ತು.

"ಅಬ್ಬ," ಎಂದ ಸುಪ್ರೀತ್ ಮೆಲ್ಲಗೆ. ಅವನ ಬಾಯಿಂದ ಅಷ್ಟು ಹೊಗಳಿಕೆ ಯಾರೂ ಕೇಳಿದ್ದಿಲ್ಲ.

"ಈ ಗೋಡೆ ಮೇಲೆ ಬಂದದ್ದರಲ್ಲಿ ಇದೇ ಬೆಸ್ಟ್," ಎಂದಳು ರಾಹಿಲಾ. ಅವಳ ಕಣ್ಣು ಹೊಳೆಯುತ್ತಿತ್ತು. "ಸತ್ಯ ಹೇಳ್ತೇನೆ ನಿಶ್ಶು, ನಂಗೆ ಹೊಟ್ಟೆಕಿಚ್ಚಾಗ್ತಾ ಉಂಟು. ಈಗ ಬಾಯಿ ಬಿಡು. ಯಾರ ಪ್ರಭಾವ ಇದು?"

ಹೇಳಬಾರದೆಂದೇ ಬಂದಿದ್ದಳು. ಸುಳ್ಳೊಂದನ್ನು ಮನೆಯಲ್ಲೇ ಗಟ್ಟಿ ಮಾಡಿಕೊಂಡಿದ್ದಳು ಕೂಡ. ಆದರೆ ಗೋಡೆಯ ಮೇಲೆ ಇಲ್ಲದವಳು ಬಾಯಲ್ಲಾದರೂ ಇರಲಿ ಎಂಬಂತೆ ಅದು ತಾನಾಗಿ ಹೊರಬಿತ್ತು.

"ವಸಂತಿ."

"ಫುಲ್ ನೇಮ್?" ಆನ್ಸೆಲ್ಮ್ ಆಗಲೇ ಫೋನ್ ಎತ್ತಿಕೊಂಡಿದ್ದ. "ಇಂಡಿಯನ್ನಾ? ವಸಂತಿ, ಚಾರ್ಕೋಲ್... ಎಂತ ಬರ್ತಾ ಇಲ್ಲಲ್ಲ. ಎಲ್ಲಿ ಶೋ ಮಾಡಿದ್ದಾರೆ ಇವರು?"

ರಾಹಿಲಾ ಆ ಮನೆಯಲ್ಲಿ ಎಷ್ಟೋ ಸಲ ನೀರ್‌ದೋಸೆ ತಿಂದವಳು. ವಸಂತಿ ಆಂಟಿ ಎಂದು ಕರೆದು ಕರೆದು ಬಾಯಿ ಸವೆದವಳು. ಅವಳು ನಿಶ್ಮಿತಾಳನ್ನು ನೋಡಿದಳು, ಚಿತ್ರವನ್ನು ನೋಡಿದಳು, ಕೈಯಲ್ಲಿ ಕಪ್ಪಾದ ರಬ್ಬರನ್ನು ನೋಡಿದಳು.

"ಆನ್ಸೆಲ್ಮ್, ಅದನ್ನು ಬಂದ್ ಮಾಡು."

"ಇರು, ಸ್ಪೆಲ್ಲಿಂಗ್ ಬೇರೆ ಇರ್ಬಹುದು..."

"ಬಂದ್ ಮಾಡು ಅಂದೆ!"

ಹುಡುಗರಿಬ್ಬರಲ್ಲಿ ಸುಪ್ರೀತ್‌ಗೆ ಮೊದಲು ಅರ್ಥವಾಯಿತು. ಅವನು ಆನ್ಸೆಲ್ಮನ ತೋಳು ಹಿಡಿದು ಎಬ್ಬಿಸಿ, ಚಹಾ ತರ್ತೇವೆ ಎಂದು ಹೇಳಿ ಹೊರಗೆ ನಡೆದ. ಅಂದು ಆ ಹೊತ್ತಿಗೆ ಅಲ್ಲಿ ಒಂದು ಚಹಾದಂಗಡಿಯೂ ತೆರೆದಿರುವುದಿಲ್ಲವೆಂದು ನಾಲ್ವರಿಗೂ ಗೊತ್ತಿತ್ತು.

ರಾಹಿಲಾ ಹಾಳೆಯನ್ನು ಗೋಡೆಯಿಂದ ಬಿಡಿಸಿ ಶಟರಿನ ಬೆಳಕಿಗೆ ಓರೆಯಾಗಿ ಹಿಡಿದಳು. ಚಾರ್ಕೋಲ್ ಎಂದರೆ ಒರೆಸಿದರೂ ಒಂದು ಮಾಸಲು ನೆರಳು ಉಳಿಯುತ್ತದೆ, ಸಾಮಾನ್ಯವಾಗಿ. ಇಬ್ಬರೂ ಮುಖಕ್ಕೆ ಮುಖ ತಾಗುವಷ್ಟು ಬಗ್ಗಿ ಹುಡುಕಿದರು. ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಸೋತ ಕೈಯಿಂದ ಮೂಡಿದವಳು ಆ ಹೆಂಗಸು. ಮಸಿ ಕಾಗದದೊಳಗೆ ಇಳಿದೇ ಇರಲಿಲ್ಲ. ಮಿಕ್ಕಷ್ಟನ್ನು ರಾಹಿಲಾಳ ಒಳ್ಳೆಯ ಕೈ ತೆಗೆದುಬಿಟ್ಟಿತ್ತು.

"ಅದು ಆಂಟಿಯೇ ಅಲ್ವಾ? ತಮ್ಮನ್ನೇ ಬಿಡಿಸಿದ್ದಾ?"

ನಿಶ್ಮಿತಾ ಹೌದೆಂದು ಗೋಣು ಹಾಕಿದಳು.

"ನಾನು ಬಿಡಿಸ್ತೇನೆ. ಆಂಟಿ ಹೇಗೆ ನಿಲ್ತಿದ್ರು ಅಂತ ನಂಗೆ ಗೊತ್ತುಂಟು. ಒಂದು ಕಾಲಿನ ಮೇಲೆ ಭಾರ ಹಾಕಿ..." ಅವಳು ಆಗಲೇ ಚಾರ್ಕೋಲಿಗೆ ತಡಕಾಡುತ್ತಿದ್ದಳು.

"ಬೇಡ. ಅದು ನೀನು ಬಿಡಿಸಿದ್ದಾಗ್ತದೆ."

"ಮತ್ತೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?" ರಾಹಿಲಾಳ ಅಳು ಸಿಟ್ಟಾಗಿ ಹೊರಬಂತು. "ನಿಯಮ ಅಂತೆ ನಿಯಮ! ನಮ್ಮ ನಿಯಮ ಎಂತ ಕುರ್‌ಆನಾ? ಕೈ ಹಿಡಿದು ಎಳಿಬೇಕಿತ್ತು ನೀನು. ಕೆನ್ನೆಗೆ ಎರಡು ಬಾರಿಸ್ಬೇಕಿತ್ತು."

"ನಿಯಮಕ್ಕೆ ಸುಮ್ನಿದ್ದದ್ದಲ್ಲ."

"ಮತ್ತೆ?"

ನಿಶ್ಮಿತಾ ಸ್ಪಂಜಿನ ಒಂದು ಚೂರನ್ನು ಕಿತ್ತು ಕಿತ್ತು ಪುಡಿ ಮಾಡಿದಳು. "ನೀನು ಎದ್ದು ಬಂದಾಗ ನಾನೂ ಚಿತ್ರ ನೋಡ್ದೆ ರಾಹಿ. ನೀನು ನೋಡುವ ಹಾಗೆ. ನಂಗೂ ಅನ್ನಿಸ್ತು, ಅವಳು ಇಲ್ಲದಿದ್ರೇ ಚಂದ ಅಂತ. ಒಂದೇ ಒಂದು ಗಳಿಗೆ. ಅಮ್ಮ ಅಂತ ನೆನಪಾಗುವ ಮೊದಲು. ಅಷ್ಟರಲ್ಲಿ ತಲೆ ಹೋಗಿ ಆಗಿತ್ತು."

ಆಸ್ಪತ್ರೆಯಲ್ಲೂ ಊರಲ್ಲೂ ಅಳದವಳು ಅಲ್ಲಿ ಬಟ್ಟೆಯಿಲ್ಲದ ಸೋಫಾದ ಮೇಲೆ ಮಡಚಿಕೊಂಡು ಅತ್ತಳು. "ಅಮ್ಮನಿಗೆ ನಿಜ ಬೇಕಿತ್ತು. ಎಂತ ಹೇಳ್ಲಿ ಈಗ? ಬೆಸ್ಟ್ ಅಂದ್ರು ಅಮ್ಮ, ನಿನ್ನನ್ನು ಒರೆಸಿದ ಮೇಲೆ, ಅಂತ ಹೇಳ್ಲಾ?"

ರಾಹಿಲಾ ಹಾಳೆಯನ್ನು ಇನ್ನೊಂದು ಸೋಫಾದ ಮೇಲೆ ಮಲಗಿಸಿದಳು. ಅವಳು ಪಕ್ಕದಲ್ಲಿ ಕುಳಿತಳು, ಅಷ್ಟೇ. ಮಸೀದಿಯಿಂದ ಜುಮ್ಮಾದ ಬಾಂಗ್ ಕೇಳಿ, ಬೀದಿಯಲ್ಲಿ ಚಪ್ಪಲಿಗಳ ಸದ್ದು ಶುರುವಾಗಿ, ಮೆಲ್ಲಗೆ ನಿಂತುಹೋಯಿತು.

ಆಮೇಲೆ ನಿಶ್ಮಿತಾಳ ಅಪ್ಪ ಯಜ್ಞೇಶ್ ಬಂದು ಹೊರಗೆ ಕಾರಿನ ಹಾರ್ನ್ ಮಾಡಿದರು. ಚಾರ್ಕೋಲ್ ಚಿತ್ರವನ್ನು ಸುತ್ತುವಂತಿಲ್ಲ. ಇಬ್ಬರೂ ಎರಡು ಕೊನೆ ಹಿಡಿದು, ಶಟರಿನ ಕೆಳಗೆ ಬಗ್ಗಿ, ಬಿಸಿಲಿಗೆ ಇಳಿದರು. ಗಾಳಿಗೆ ಹಾಳೆ ನಡುಗಿತು. ರಾಹಿಲಾ ಅದರ ಅಂಚನ್ನು ಇನ್ನಷ್ಟು ಒಳಗೆ ಹಿಡಿಯಲು ಬೆರಳು ಸರಿಸಿದಳು.

"ಮೆಲ್ಲ," ಎಂದಳು ನಿಶ್ಮಿತಾ. "ಮೆಲ್ಲ ರಾಹಿ. ಅಲ್ಲಿ ಟವೆಲ್ ಉಂಟು."