ಮೆಕ್ಲೀನ್ ಕೌಂಟಿಯ ಹಿಟ್ಟಿನ ಪುಸ್ತಕ

ಸಿದ್ದೇಶ್ವರಿಯ ಹಿಟ್ಟಿನ ಪುಸ್ತಕ ನೋಡಿದವರು ಮೊದಲು ನಗುತ್ತಾರೆ. ನಗಲಿ, ಯಾರು ಬೇಡ ಅಂದರು? ಅಮೆರಿಕದ ಇಲಿನಾಯ್ ರಾಜ್ಯದ ಮೆಕ್ಲೀನ್ ಕೌಂಟಿ ಎಂಬ ಜಿಲ್ಲೆಯಲ್ಲಿ ಸಂಸಾರ ಮಾಡಿದ ಇಪ್ಪತ್ತೊಂದು ವರ್ಷವೂ, ಇಡ್ಲಿಗೆ ರುಬ್ಬಿಟ್ಟ ಪ್ರತಿ ಸಲ ಆಕೆ ಎರಡು ಸಾಲು ಬರೆದಿದ್ದಾಳೆ: ಹೊರಗೆ ಹವೆ ಹೇಗಿತ್ತು, ಹಿಟ್ಟು ಉಬ್ಬಲು ಎಷ್ಟು ತಾಸು ಹಿಡಿಯಿತು. ಜನವರಿಯ ಪುಟದಲ್ಲಿ, 'ಸೊನ್ನೆಗಿಂತ ಕೆಳಗೆ ಹತ್ತು. ಓವನ್ ಒಳಗಿನ ದೀಪ ಹಚ್ಚಿಟ್ಟೆ. ಇಪ್ಪತ್ತು ತಾಸು.' ಏಪ್ರಿಲ್‌ನಲ್ಲಿ, 'ಸುಂಟರಗಾಳಿ ಸೈರನ್. ಮಕ್ಕಳು, ಹಿಟ್ಟು ಎಲ್ಲಾ ಬೇಸ್‌ಮೆಂಟಿಗೆ. ಅಲ್ಲೇ ಉಬ್ಬಿತು.' ಜುಲೈ ಬಂತೆಂದರೆ ಮೆಕ್ಕೆಜೋಳದ ಹೊಲಗಳಿಂದ ಏಳುವ ಆವಿಗೆ ಮೈಯೆಲ್ಲ ಅಂಟು, ಏಳೇ ತಾಸು. ಅಕ್ಟೋಬರಿನ ಕಟಾವಿನ ಒಣಗಾಳಿಗೆ ಹದಿಮೂರು. ಆ ಕೌಂಟಿಯ ಹವಾಮಾನ ತಿಳಿಯಬೇಕೆಂದರೆ ಸರ್ಕಾರಿ ಕಚೇರಿಗೆ ಹೋಗಬೇಕಾಗಿಲ್ಲ, ಈ ಪುಸ್ತಕ ಸಾಕು.

ಇಂಥ ಪುಸ್ತಕವೇ ಆಕೆಗೆ ಕೈಕೊಟ್ಟಿತು ನೋಡಿ.

2023ರ ಜನವರಿಯಲ್ಲಿ ಗಂಡ ಮಹಾಂತಪ್ಪನ ವಿಮಾ ಕಂಪನಿ ಅವನನ್ನು ಜಾರ್ಜಿಯಾಕ್ಕೆ ವರ್ಗ ಮಾಡಿತು. ಅಲ್ಲಿನ ಗ್ವಿನೆಟ್ ಕೌಂಟಿಯ ನಾರ್‌ಕ್ರಾಸ್‌ಗೆ ಬಂದು ತಿಂಗಳಾಗಿತ್ತಷ್ಟೆ, ಶ್ರೀಲತಾ ಎಂಬುವರ ಮನೆಯ ಗೃಹಪ್ರವೇಶಕ್ಕೆ ಇಡ್ಲಿ ನಾನೇ ತರುತ್ತೇನೆ ಎಂದು ಸಿದ್ದೇಶ್ವರಿ ಒಪ್ಪಿಕೊಂಡಳು. ಹೊಸ ಊರಿನಲ್ಲಿ ಮೊದಲ ಸಲ, ಹಿಂದಿನ ದಿನ ಮಧ್ಯಾಹ್ನವೇ ರುಬ್ಬಿ, ಊರಿನ ಕನ್ನಡದವರ ಅಡುಗೆಗೆಲ್ಲ ಹಿರಿಯಳಾದ ಮೈಸೂರಿನ ವಸಂತಾಗೆ ಫೋನ್ ಮಾಡಿ ಜಂಬದಿಂದ ಹೇಳಿಯೂ ಹೇಳಿದಳು, "ಈಗ ರುಬ್ಬಿಟ್ಟೀನ್ರಿ, ನಾಳೆ ಬೆಳಿಗ್ಗೆ ಆರಕ್ಕ ತೆಗೀತೀನಿ." ಫೆಬ್ರವರಿಗೆ ಹದಿನಾರು ತಾಸು ಅಂತ ಪುಸ್ತಕವೇ ಹೇಳಿತ್ತಲ್ಲ!

ಆದರೆ ನಾರ್‌ಕ್ರಾಸ್‌ನಲ್ಲಿ ಆ ವಾರ ಎಪ್ಪತ್ತಾರು ಡಿಗ್ರಿ ಫ್ಯಾರನ್‌ಹೀಟ್, ಬೇಸಿಗೆಯಂಥ ಸೆಕೆ. ಅಯ್ಯೋ ಶಿವನೇ, ಬೆಳಿಗ್ಗೆ ಎದ್ದು ನೋಡಿದರೆ ಹಿಟ್ಟು ಪಾತ್ರೆ ದಾಟಿ, ಕಟ್ಟೆ ದಾಟಿ, ನೆಲಕ್ಕೆ ಇಳಿದಿತ್ತು. ಉಳಿದದ್ದನ್ನೇ ಬೇಯಿಸಿ ಒಯ್ದಳು. ಬಾಯಿಗಿಟ್ಟವರ ಕಣ್ಣು ಹುಳಿಗೆ ಮುಚ್ಚಿಕೊಂಡವು. ವಾರ ಕಳೆಯುವುದರೊಳಗೆ ಆಕೆಗೆ 'ಹುಳಿ ಇಡ್ಲಿ ಆಂಟಿ' ಎಂದು ಹೆಸರಾಯಿತು. ವಸಂತಾ ಸಮಾಧಾನ ಮಾಡಿದ ರೀತಿಯೂ ಚೆನ್ನಾಗಿತ್ತು, "ಬೇಜಾರ್ ಮಾಡ್ಕೋಬೇಡಿ ಸಿದ್ದೇಶ್ವರಿ. ರೊಟ್ಟಿ ಸೀಮೆಯವರಿಗೆ ಇಡ್ಲಿ ಅಷ್ಟಾಗಿ ಸೆಟ್ ಆಗಲ್ಲ."

ಆ ಮಾತು ಧಾರವಾಡದ ಹೆಣ್ಣಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಆ ದಿನದ ಎರಡು ಸಾಲನ್ನು ಆಕೆ ಪುಸ್ತಕದಲ್ಲಿ ಬರೆಯಲೇ ಇಲ್ಲ. ಇಷ್ಟು ವರ್ಷದಲ್ಲಿ ಬರೆಯದೆ ಬಿಟ್ಟ ಹಿಟ್ಟು ಅದೊಂದೇ. ಆಮೇಲೆ ಇಡ್ಲಿಗೆ ರುಬ್ಬುವುದನ್ನೇ ಬಿಟ್ಟಳು.

ಮಾರ್ಚ್‌ನಲ್ಲಿ ಯುಗಾದಿ ಕಾರ್ಯಕ್ರಮ. ಭಾನುವಾರ ಬೆಳಿಗ್ಗೆ ಶಾಲೆಯೊಂದರ ಹಾಲ್‌ನಲ್ಲಿ ಮುನ್ನೂರು ಜನಕ್ಕೆ ತಿಂಡಿ. ಇಡ್ಲಿ ವಸಂತಾದು. ಸಿದ್ದೇಶ್ವರಿಗೆ ಬಂದದ್ದು "ನೀವು ಚಟ್ನಿ ನೋಡ್ಕೊಳ್ಳಿ" ಅನ್ನುವ ಅಪ್ಪಣೆ.

ಶನಿವಾರ ಮಧ್ಯಾಹ್ನ ಕೊತ್ತಂಬರಿ ಕೊಂಡು ಅಂಗಡಿಯಿಂದ ಹೊರಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ರಸ್ತೆಯುದ್ದಕ್ಕೂ ಮರಗಳು ಬಿಳಿ ಹೂ ಬಿಟ್ಟು ನಿಂತಿದ್ದವು, ಆಕಾಶ ತೊಳೆದಿಟ್ಟ ಹಾಗಿತ್ತು. ಆದರೆ ಗಾಳಿ ವಾಯವ್ಯದಿಂದ ಬರುತ್ತಿತ್ತು, ಒಣಗಿದ್ದು, ಕತ್ತಿನ ಹಿಂದೆ ಹಿಡಿದು ಚಿವುಟುವಂಥದ್ದು.

"ಇದು ನಮ್ಮ ಕೌಂಟಿ ಗಾಳಿರೀ!" ಎಂದು ಜೊತೆಗಿದ್ದ ಗಂಡನಿಗೆ ಹೇಳಿದಳು. ಫೋನ್ ತೆಗೆದು ನೋಡಿದರೆ ಬೆಳಗಿನ ಜಾವಕ್ಕೆ ಇಪ್ಪತ್ತೊಂಬತ್ತು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ, ಅಂತಿತ್ತು. ವಸಂತಾ ಆರು ಪಾತ್ರೆ ಹಿಟ್ಟನ್ನು ಕಾರು ನಿಲ್ಲಿಸುವ ಗರಾಜ್‌ನಲ್ಲಿ ಇಡುತ್ತಾಳೆಂದು ಊರಿಗೆಲ್ಲ ಗೊತ್ತು. ಈ ಚಳಿಗೆ ಅದು ಒಂದು ಬೆರಳೂ ಏಳುವುದಿಲ್ಲ. ಹೋಗಿ ಹೇಳಬೇಕು ಅಂದಳು.

"ನೀ ಸುಮ್ನ ಮನ್ಯಾಗ ಕುಂದರು," ಅಂದ ಮಹಾಂತಪ್ಪ. "ಮತ್ತೊಮ್ಮೆ ಹುಳಿ ಆತಂದ್ರ ಈ ಊರಾಗ ನಿನ್ನ ಕೈ ಅಡಿಗಿ ಯಾರೂ ಮುಟ್ಟಂಗಿಲ್ಲ."

"ಮುನ್ನೂರು ಮಂದಿ ಹಬ್ಬದ ದಿನ ಕಲ್ಲು ತಿನ್ನಬೇಕೇನ್ರಿ?"

"ತಿನ್ನಲಿ. ನಿನಗ ಹಂಗ ಅಂದವ್ರ ತಿನ್ನಲಿ."

ಸುಳ್ಳು ಯಾಕೆ ಹೇಳಬೇಕು, ಆ ಮಾತು ಆಕೆಗೆ ಸಿಹಿಯಾಗಿಯೇ ಕೇಳಿಸಿತು. ಕಲ್ಲಿನಂಥ ಇಡ್ಲಿಗಳ ನಡುವೆ ಮುಖ ಸಪ್ಪಗೆ ಮಾಡಿಕೊಂಡು ನಿಂತ ವಸಂತಾಳನ್ನು ಮೊದಲ ಸಿಗ್ನಲ್ ಬರುವತನಕ ಮನಸಾರೆ ಕಲ್ಪಿಸಿಕೊಂಡಳು. ಸಿಗ್ನಲ್ ಹಸಿರಾಗುವಷ್ಟರಲ್ಲಿ ಆ ಖುಷಿ ಇಳಿದುಹೋಯಿತು. ಹಿಟ್ಟು ಯಾರಿಗೆ ಏನು ಅನ್ಯಾಯ ಮಾಡಿತ್ತು?

"ಮೂರೂ ಕೂಲರ್ ಗಾಡ್ಯಾಗ ಹಾಕ್ರಿ," ಅಂದಳು.

ಸಂಜೆ ಐದಕ್ಕೆ, ಪಿಕ್‌ನಿಕ್‌ಗೆ ಐಸ್ ತುಂಬಿ ಒಯ್ಯುವ, ಬಿಸಿ ಇಟ್ಟರೆ ಬಿಸಿಯನ್ನೂ ಹಿಡಿದಿಡುವ ಆ ದೊಡ್ಡ ಪೆಟ್ಟಿಗೆಗಳ ಸಮೇತ ಬಂದವಳನ್ನು ನೋಡಿ ವಸಂತಾ ಹುಬ್ಬು ಏರಿಸಿದಳು. "ಹದಿನೈದು ವರ್ಷದಿಂದ ಗರಾಜಲ್ಲೇ ಇಡ್ತಿದೀನಿ. ಇದು ಜಾರ್ಜಿಯಾ ಕಣ್ರೀ, ನಿಮ್ಮ ಇಲಿನಾಯ್ ಅಲ್ಲ."

"ಇವತ್ತೊಂದು ರಾತ್ರಿ ಇಲಿನಾಯ್ ಇಲ್ಲಿಗೇ ಬಂದೈತ್ರಿ. ಪಾತ್ರೆ ಮುಟ್ಟಿ ನೋಡ್ರಿ."

ವಸಂತಾ ಮುಟ್ಟಿದಳು. ಸ್ಟೀಲು ಆಗಲೇ ತಣ್ಣಗಾಗಿತ್ತು. "ಒಳಗಡೆ ಇಟ್ರೆ ಸಾಲ್ದಾ?"

"ಇಷ್ಟು ಹಿಟ್ಟು ಬೆಚ್ಚಗಾಗೋದ್ರಾಗ ನಾಳೆ ಮಧ್ಯಾಹ್ನ ಆಗ್ತೈತ್ರಿ." ಸಿದ್ದೇಶ್ವರಿ ಪುಸ್ತಕ ಬಿಚ್ಚಿ 2018ರ ಏಪ್ರಿಲ್ ತೋರಿಸಿದಳು. 'ಅಕಾಲದ ಹಿಮ. ಹಿಟ್ಟು ಏಳಲೇ ಇಲ್ಲ. ಮಂದಿ ಮುಂದ ಮುಖ ಸಣ್ಣದಾತು.' ಅದರ ಕೆಳಗೆ ಮುಂದಿನ ಸಲದ್ದು, 'ಕೂಲರ್, ಬಿಸಿನೀರಿನ ಬಾಟಲಿ ನಾಲ್ಕು. ಹನ್ನೆರಡು ತಾಸು. ಗೆದ್ದೆ.'

ವಸಂತಾ ಎರಡು ಸಲ ಓದಿದಳು. "ಮತ್ತೆ ಹುಳಿ ಆದ್ರೆ?"

ಸಿದ್ದೇಶ್ವರಿ ಮೊದಲ ಕೂಲರ್ ಮುಚ್ಚಳ ತೆಗೆದಳು. "ಆದ್ರ ಮೈಕ್‌ನಾಗ ನಾನ ನಿಂತು ಹೇಳ್ತೀನ್ರಿ, ತಪ್ಪು ನಂದಂತ."

ಒಂದೊಂದು ಕೂಲರ್‌ಗೆ ಎರಡೆರಡು ಪಾತ್ರೆ ಇಳಿಸಿದರು. ಪುಸ್ತಕ ನಾಲ್ಕು ಬಾಟಲಿ ಅಂದಿದ್ದರೂ ಫೆಬ್ರವರಿಯನ್ನು ನೆನೆದು ಸಿದ್ದೇಶ್ವರಿ ಒಂದೊಂದರಲ್ಲೂ ಮೂರೇ ಇಟ್ಟಳು.

ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಮಂಜುಗಡ್ಡೆ ಕೂತಿತ್ತು, ಬಿಳಿ ಹೂವೆಲ್ಲ ಕಂದಿಹೋಗಿದ್ದವು. ಇಬ್ಬರೂ ಸೇರಿ ಕೂಲರ್ ಮೂರನ್ನೂ ಶಾಲೆಯ ಅಡುಗೆಮನೆಗೆ ತಂದಿಳಿಸಿದರು. ಮುಚ್ಚಳ ಎತ್ತಿದರು. ಹಿಟ್ಟು ಪಾತ್ರೆಯ ಕಂಠದವರೆಗೆ ಬಂದು, ಗುಳ್ಳೆ ಗುಳ್ಳೆಯಾಗಿ, ಅಲ್ಲಿಗೇ ನಿಂತಿತ್ತು. ವಸಂತಾ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು, "ಹದವಾಗಿದೆ ಕಣ್ರೀ!" ಎಂದು ಕೂಗಿದಳು.

ಹತ್ತೂವರೆಯ ಹೊತ್ತಿಗೆ ಒಂದು ಇಡ್ಲಿಯೂ ಉಳಿದಿರಲಿಲ್ಲ. ಜನ ಎರಡನೇ ಸಲ ಬಂದು ಖಾಲಿ ಪಾತ್ರೆ ಇಣುಕಿ ಹೋದರು. ಸಿದ್ದೇಶ್ವರಿ ಗೋಡೆಗೆ ಒರಗಿ ಕಾಫಿ ಕುಡಿಯುತ್ತಿದ್ದಾಗ ವಸಂತಾ ಬಂದು ಪಕ್ಕದ ಕುರ್ಚಿ ಎಳೆದುಕೊಂಡಳು, ಪುಸ್ತಕ ಕೇಳಿ ಈಸಿಕೊಂಡು ಹಾಳೆ ಮಗುಚಿದಳು. ಮೆಕ್ಲೀನ್ ಕೌಂಟಿ ಮುಗಿದ ಮೇಲೆ ಬರೀ ಖಾಲಿ ಹಾಳೆಗಳಿದ್ದವು.

"ಗೃಹಪ್ರವೇಶದ್ದು ಎಲ್ಲಿ?"

"ಬರೀಲಿಲ್ರಿ. ನಾಚಿಕಿ ಬಂತು."

ವಸಂತಾ ಖಾಲಿ ಹಾಳೆಯ ಮೇಲೆ ಬೆರಳಾಡಿಸಿದಳು. "ಹಿಂದಿನ ದಿನ ಮಧ್ಯಾಹ್ನ ನೀವು ಫೋನ್ ಮಾಡಿದ್ರಿ. ಆ ಸೆಕೇಲಿ ಬೆಳಿಗ್ಗೆ ತನಕ ಇಟ್ರೆ ಉಕ್ಕಿ ಹೋಗತ್ತೆ ಅಂತ ನಂಗೆ ಗೊತ್ತಿತ್ತು. ಒಂದ್ ಮಾತು ಹೇಳಬಹುದಿತ್ತು. ಹೇಳ್ಲಿಲ್ಲ." ಅವಳ ಕಣ್ಣು ತುಂಬಿತ್ತು. "ನೀವು ನಿನ್ನೆ ಬಂದ್ರಿ."

ಸಿದ್ದೇಶ್ವರಿಗೆ ಸಿಟ್ಟು ಬಂತು, ಖಂಡಿತ ಬಂತು. ಕಾಫಿ ಮುಗಿಯುವತನಕ ಇತ್ತು. ಆಮೇಲೆ ಲೋಟ ಕೆಳಗಿಟ್ಟು, ಖಾಲಿ ಹಾಳೆಯ ತಲೆಗೆ 'ಗ್ವಿನೆಟ್ ಕೌಂಟಿ' ಎಂದು ದೊಡ್ಡದಾಗಿ ಬರೆದು, ಕೆಳಗೆ 'ಫೆಬ್ರವರಿ. ಎಪ್ಪತ್ತಾರು ಡಿಗ್ರಿ. ಹದಿನಾರು ತಾಸು. ಹುಳಿ.' ಎಂದು ಸೇರಿಸಿ, ಪೆನ್ನನ್ನು ವಸಂತಾ ಕಡೆ ಚಾಚಿದಳು. "ಇವತ್ತಿಂದು ನೀವ ಬರೀರಿ. ಹಿಟ್ಟು ನಿಮ್ದು."

ವಸಂತಾ ಕಣ್ಣೊರೆಸಿಕೊಂಡು, ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು: 'ಮಾರ್ಚ್. ಇಪ್ಪತ್ತೊಂಬತ್ತು ಡಿಗ್ರಿ. ಬಾಟಲಿ ಮೂರು. ಹನ್ನೆರಡು ಗಂಟೆ. ಇನ್ನು ಮುಂದೆ ನಾನೇ ಫೋನ್ ಮಾಡ್ತೀನಿ.'