ಉಜ್ಜಿದ ಗಾಜು

ಖಾಂಗನ ಕ್ಯಾಮೆರಾಕ್ಕೆ ಎಲ್ಲವೂ ಇತ್ತು, ಹಿಂಬದಿಯ ಗಾಜೊಂದನ್ನು ಬಿಟ್ಟು. ಆ ಗಾಜೇ ಇಲ್ಲವೆಂದ ಮೇಲೆ ಉಳಿದದ್ದೆಲ್ಲ ಇದ್ದು ಏನು ಬಂತು ಹೇಳಿ. ಅದು ಮೂರು ಕಾಲಿನ ಮೇಲೆ ನಿಲ್ಲುವ ಮರದ ಹಳೇ ಕ್ಯಾಮೆರಾ. ಕರಿಬಟ್ಟೆಯೊಳಗೆ ತಲೆ ತೂರಿಸಿದರೆ ಎದುರಿಗೆ ಕೂತವರು ಹಿಂದಿನ ದೊರಗು ಗಾಜಿನ ಮೇಲೆ ತಲೆಕೆಳಗಾಗಿ ಮೂಡುತ್ತಾರೆ. ಅವರ ಕಣ್ಣು ಚೂಪಾಗಿ ಕಾಣುವವರೆಗೆ ಲೆನ್ಸನ್ನು ಹಿಂದೆ ಮುಂದೆ ಸರಿಸಬೇಕು. ಆಮೇಲೆ ಗಾಜಿನ ಜಾಗಕ್ಕೇ ಫಿಲ್ಮು ಬಂದು ಕೂರುತ್ತದೆ. ಗಾಜಿಲ್ಲದೆ ಫೋಟೋ ತೆಗೆಯುವುದೂ ಕಣ್ಣು ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸುವುದೂ ಒಂದೇ.

ಯುದ್ಧ ಮುಗಿದು ಸಾಯಿಗಾನ್ ನಗರ ಬಿದ್ದ ವರ್ಷ ಸಾ ದೆಕ್ ಊರಿನಲ್ಲಿ ಯಾರ ಮನೆಗೆ ಯಾರು ಬಂದು ಏನು ಕೇಳುತ್ತಾರೋ ಎಂಬ ಹೆದರಿಕೆ. ಖಾಂಗ್ ಸ್ಟುಡಿಯೋಗೆ ಬೀಗ ಹಾಕಿ, ಕ್ಯಾಮೆರಾ ಬಿಚ್ಚಿ, ಭಾವಮೈದುನನ ಅಕ್ಕಿ ಗಿರಣಿಯ ಹೊಟ್ಟಿನ ರಾಶಿಯಲ್ಲಿ ಹೂತಿಟ್ಟಿದ್ದ. ಎಂಟು ವರ್ಷದ ಮೇಲೆ ತೆಗೆದು ನೋಡಿದರೆ ಮರ ಸೀಳಿರಲಿಲ್ಲ, ಲೆನ್ಸಿಗೆ ಬೂಷ್ಟು ಹಿಡಿದಿರಲಿಲ್ಲ, ಗಾಜು ಮಾತ್ರ ನಾಪತ್ತೆ. ಸಾಯಿಗಾನಿಗೆ ಹೋಗಿಬರುವವರಿಗೆಲ್ಲ ಹೇಳಿ ಕಳಿಸಿದ. ಅಂಥ ಗಾಜು ಈಗೆಲ್ಲಿ ಸಿಗುತ್ತದೆ ಎಂದು ಅವರು ನಕ್ಕರು.

ಆಗಲೇ ಮೆನ್ ಅಜ್ಜಿ ಬಂದದ್ದು. ಕಾಲುವೆಯಾಚೆಯ ಹಳ್ಳಿಯವಳು, ಎಪ್ಪತ್ತಾರು ವಯಸ್ಸು, ಎರಡೂ ಕಣ್ಣಿಗೆ ಪೊರೆ. ಮಗಳು ಲಿಯೂ ದೋಣಿ ಹುಟ್ಟು ಹಾಕಿಕೊಂಡು ಕರೆತಂದಿದ್ದಳು. ಅಜ್ಜಿ ಬೆಂಚಿನ ಮೇಲೆ ಕೂತು, ಎಲೆಅಡಿಕೆ ಒಂದು ಕೆನ್ನೆಗೆ ತಳ್ಳಿ ಮಾತು ಶುರುಮಾಡಿದಳು.

"ನೋಡಪ್ಪಾ ಖಾಂಗ್, ನಾನಿನ್ನು ಹೊರಡೋಳು. ಪೂಜೆಗೆ ಇಡೋಕೆ ಒಂದು ಫೋಟೋ ತೆಕ್ಕೊಡು."

"ಕ್ಯಾಮೆರಾ ಕೆಟ್ಟಿದೆ ಅಜ್ಜಿ. ಪೇಟೇಲಿ ಚಿತ್ರ ಬರೆಯೋರು ಇದಾರಲ್ಲ, ಕರಿಪುಡೀಲಿ ಚೆನ್ನಾಗಿ ಬರೀತಾರೆ."

"ಬರೆಸೋದಂತೂ ಬೇಡವೇ ಬೇಡ," ಎಂದಳು ಅಜ್ಜಿ. "ನಮ್ಮೆಜಮಾನ್ರು ಹೋದಾಗ ಒಂದೂ ಫೋಟೋ ಇರ್ಲಿಲ್ಲ. ಚಿತ್ರಗಾರನ್ನ ಕೂರಿಸ್ಕೊಂಡು ನಾನು ಹೇಳ್ತಾ ಹೋದೆ, ಅವನು ಬರೀತಾ ಹೋದ. ಮೂಗು ಹೀಗಿತ್ತು, ಗದ್ದ ಹಾಗಿತ್ತು ಅಂತ. ಮುಗಿಸಿದ ಮೇಲೆ ನೋಡಿದ್ರೆ ಯಾರೋ ಪೊಲೀಸಿನವನು ಕೂತಿದಾನೆ. ಇಪ್ಪತ್ತೇಳು ವರ್ಷದಿಂದ ಆ ಪೊಲೀಸಿನವನಿಗೇ ಊದುಬತ್ತಿ ಹಚ್ತಿದೀನಿ, ಅವನಿಗೇ ಅನ್ನ ಇಡ್ತಿದೀನಿ. ನನ್ನ ಗಂಡ ಎಲ್ಲಿ ಹಸ್ಕೊಂಡು ಅಲೀತಿದಾನೋ ಏನೋ."

ಲಿಯೂ ನಗು ತಡೆಯಲಾರದೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ನಗಲಿಲ್ಲ.

"ನನಗೆ ಹಾಗಾಗೋದು ಬೇಡ ಮಗಾ. ನನ್ನ ಮಕ್ಕಳು ಕೈಮುಗಿದ್ರೆ ನನಗೇ ಮುಗೀಬೇಕು. ನನ್ನ ಕಣ್ಣು ನನಗೇ ಕಾಣಲ್ಲ, ಆದ್ರೂ ಅದು ನನ್ನದೇ ಇರ್ಲಿ."

ಖಾಂಗನಿಗೆ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಹದಿನೈದು ದಿನ ಬಿಟ್ಟು ಬನ್ನಿ ಎಂದುಬಿಟ್ಟ.

ಅವರು ಹೋದದ್ದೇ ತಡ, ಗೋಡೆಯಲ್ಲಿದ್ದ ತನ್ನ ಮದುವೆ ಫೋಟೋದ ಕಟ್ಟು ಬಿಚ್ಚಿ ಗಾಜು ತೆಗೆದ. ಹೆಂಡತಿ ದಿಯೆಪ್ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ದೋಣಿ ಎಂಜಿನ್ ರಿಪೇರಿಯವನ ಹತ್ತಿರ ವಾಲ್ವ್ ಉಜ್ಜುವ ಪೇಸ್ಟು ಒಂದು ಡಬ್ಬಿಯ ತಳದಲ್ಲಿ ಉಳಿದಿತ್ತು, ಅದನ್ನು ಬೇಡಿ ತಂದ. ಗಾಜನ್ನು ಎರಡು ತುಂಡು ಮಾಡಿ, ನಡುವೆ ಪೇಸ್ಟು ಸವರಿ, ಕೂತು, ಗುಂಡಗೆ ಗುಂಡಗೆ ಉಜ್ಜಿದ. ಮೊದಲ ದಿನ ಬರೀ ಗೀರು. ಎರಡನೆಯ ದಿನ ಗಾಜು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ಬಂತು. ಮೂರನೆಯ ದಿನ ಸಂಜೆ ಕ್ಯಾಮೆರಾದ ಹಿಂದೆ ಇಟ್ಟು ನೋಡಿದರೆ, ಎದುರು ಮನೆಯ ತಗಡಿನ ಮಾಡು, ಅದರ ಮೇಲೆ ಒಣಹಾಕಿದ ಮೀನು, ಎಲ್ಲ ತಲೆಕೆಳಗಾಗಿ ಲಕಲಕ ಎನ್ನುತ್ತಿದ್ದವು. ಖಾಂಗ್ ಕರಿಬಟ್ಟೆಯೊಳಗೇ ಅತ್ತುಬಿಟ್ಟ. ಅವನು ಅಳಬಾರದಿತ್ತೆಂದು ನಾನೇನೂ ಹೇಳುವುದಿಲ್ಲ, ಎಂಟು ವರ್ಷ ಕೈ ಕಟ್ಟಿ ಕೂತವನು.

ಎಡವಿದ್ದು ಆಮೇಲೆ. ತಲೆ ಎಲ್ಲಿ ಬರಬೇಕು, ಗದ್ದ ಎಲ್ಲಿ ಬರಬೇಕು ಎಂದು ಗಾಜಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳುವುದು ಅವನ ಅಭ್ಯಾಸ. ಪೆನ್ಸಿಲ್ ಹತ್ತುವುದು ಉಜ್ಜಿದ ಕಡೆಗೆ ಮಾತ್ರ. ಅದಕ್ಕಾಗಿ ಉಜ್ಜಿದ ಮುಖವನ್ನು ತನ್ನ ಕಡೆಗೆ ಮಾಡಿ ತಿರುಪು ಬಿಗಿದು, ದಿಯೆಪಳನ್ನು ಸ್ಟೂಲಿನ ಮೇಲೆ ಕೂರಿಸಿ ಗೆರೆ ಹಾಕಿದ. ಉಜ್ಜಿದ ಮುಖ ಲೆನ್ಸಿನ ಕಡೆಗೇ ಇರಬೇಕು, ಫಿಲ್ಮು ಕೂರುವ ಮಟ್ಟಕ್ಕೇ ಇರಬೇಕು ಎಂದು ಕೆಲಸ ಕಲಿಸಿದ ಗುರು ಕಿವಿ ಹಿಂಡಿ ಹೇಳಿಕೊಟ್ಟಿದ್ದ. ಮರೆತದ್ದಲ್ಲ. ನಾಳೆ ತಿರುಗಿಸಿದರಾಯಿತು ಎಂದುಕೊಂಡ.

ಮರುದಿನ ಬೆಳಿಗ್ಗೆಯೇ ಅಜ್ಜಿ ಬಂದಳು, ಹೇಳಿದ ದಿನಕ್ಕೆ ಇನ್ನೂ ಹತ್ತು ಹನ್ನೊಂದು ದಿನ ಇರುವಾಗಲೇ. ಕಪ್ಪು ರೇಷ್ಮೆ ಅಂಗಿ, ಕಿವಿಗೆ ಹಸಿರು ಕಲ್ಲಿನ ಓಲೆ, ಎಣ್ಣೆ ಹಚ್ಚಿ ಕಟ್ಟಿದ ಬಿಳಿ ತುರುಬು. ಕಾಲುವೆಯ ನೀರು ಇಳಿಯುವ ಮುಂಚೆ ವಾಪಸು ಹೋಗಬೇಕು ಅಣ್ಣ, ಎಂದು ಲಿಯೂ ಅವಸರ ಮಾಡಿದಳು. ಖಾಂಗ್ ಗಾಜು ನೋಡಿದ. ನಾಲ್ಕು ತಿರುಪು ಬಿಚ್ಚಬೇಕು, ತಿರುಗಿಸಬೇಕು, ಮತ್ತೆ ಬಿಗಿಯಬೇಕು. ಎರಡು ಮಿಲಿಮೀಟರಿನ ಗಾಜು, ಅಷ್ಟರಲ್ಲಿ ಏನು ಮಹಾ ಮುಳುಗಿಹೋಗುತ್ತದೆ ಅಂದುಕೊಂಡ. ನಾಲ್ಕೇ ತಿರುಪು. ಹಾಳಾದ ನಾಲ್ಕು ತಿರುಪು.

ಹಳೇ ಡಬ್ಬಿಯಲ್ಲಿ ಹಾಳೆ ಫಿಲ್ಮು ಉಳಿದಿದ್ದದ್ದು ಒಂದೇ ಒಂದು. ಅಜ್ಜಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿದ. ಗಾಜಿನ ಮೇಲೆ ಅವಳ ಕಣ್ಣು ಚೂಪಾಗಿ ಬಂತು. ಪೊರೆ ಬಂದ ಕಣ್ಣೇ, ಆದರೆ ಅದರ ಹಿಂದೆ ಯಾರನ್ನೋ ಇನ್ನೇನು ಕೆಣಕಲಿದ್ದಾಳೆ ಎಂಬಂಥ ಒಂದು ತುಂಟತನ. ಅದನ್ನು ಖಾಂಗ್ ಕಂಡ. ಉಸಿರು ಬಿಗಿಹಿಡಿಯಿರಿ ಎಂದ, ತೆಗೆದ.

ಮಧ್ಯಾಹ್ನ ಫಿಲ್ಮು ತೊಳೆದು, ಒಣಗಿಸಿ, ಪ್ರಿಂಟು ಹಾಕಿದ. ಕಿವಿಯ ಓಲೆಯ ಕೊಕ್ಕೆ ಕಾಣುತ್ತಿತ್ತು. ತುರುಬಿನ ಒಂದೊಂದು ಕೂದಲೂ ಕಾಣುತ್ತಿತ್ತು. ಕಣ್ಣು ಮಾತ್ರ ಮಂಜು. ಗಾಜಿನ ದಪ್ಪದಷ್ಟು ಫೋಕಸ್ ತಪ್ಪಿ, ಕಣ್ಣಿನಿಂದ ಅರ್ಧ ಗೇಣು ಹಿಂದಕ್ಕೆ, ಕಿವಿಯ ಮೇಲೆ ಹೋಗಿ ಕೂತಿತ್ತು.

"ಹೋಗಿ ಹೇಳಿಬಿಡ್ರೀ," ಎಂದಳು ದಿಯೆಪ್. "ತಪ್ಪಾಯ್ತು, ಫಿಲ್ಮು ಬಂದ ಮೇಲೆ ಇನ್ನೊಂದು ತೆಗೀತೀನಿ ಅಂತ."

"ಫಿಲ್ಮು ಯಾವಾಗ ಬರುತ್ತೋ. ಅಲ್ಲೀವರೆಗೆ ಅವರ ಕೈಗೆ ಏನಾದ್ರೂ ಕೊಡ್ಬೇಕಲ್ಲ."

"ಅಂದ್ರೆ?"

ಅವನು ಸಣ್ಣ ಕುಂಚ ತೆಗೆದು, ಮಸಿ ತೇಯ್ದು, ಪ್ರಿಂಟಿನ ಮೇಲೆ ಕಣ್ಣು ಬರೆಯಲು ಕೂತ. ರೆಪ್ಪೆ, ಪಾಪೆ, ಪಾಪೆಯೊಳಗೆ ಒಂದು ಬೆಳಕಿನ ಚುಕ್ಕೆ. ಕೈಯಲ್ಲಿ ಕಸುಬಿತ್ತು. ಚಂದದ ಕಣ್ಣು, ಶಾಂತ ಕಣ್ಣು ಬಂತು. ಆ ತುಂಟತನ ಬರಲಿಲ್ಲ. ಮೂರು ಸಲ ಒರೆಸಿ ಬರೆದರೂ ಬರಲಿಲ್ಲ.

ವಾರದ ಮೇಲೆ ಅಜ್ಜಿ ಬಂದು ಫೋಟೋವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಏನೂ ಕಾಣದೆ ಮಗಳ ಕೈಗೆ ಕೊಟ್ಟಳು. ಲಿಯೂ ಫೋಟೋ ನೋಡಿ, ಅಮ್ಮನ ಮುಖ ನೋಡಿ, ಚೆನ್ನಾಗಿದೆ ಎಂದಳು. ಅಜ್ಜಿಗೆ ಅಷ್ಟು ಸಾಕಾಗಲಿಲ್ಲ. ಖಾಂಗನ ಕಡೆ ತಿರುಗಿದಳು.

"ತೆಗೆದೋನು ನೀನು. ನೀನು ಹೇಳು ಮಗಾ. ನಾನು ಹಾಗೇ ಇದೀನಾ?"

"ಹಾಗೇ ಇದೀರಿ ಅಜ್ಜಿ."

"ಹಾಗಾದ್ರೆ ನನಗಿನ್ನೇನೂ ಭಯ ಇಲ್ಲ," ಎಂದಳು. ಬಾತುಮೊಟ್ಟೆಯ ಬುಟ್ಟಿ ದಿಯೆಪಳ ಕೈಗಿಟ್ಟು, ಮಗಳ ತೋಳು ಹಿಡಿದು ಮೆಟ್ಟಿಲಿಳಿದಳು. ಆ ಮೊಟ್ಟೆಗಳನ್ನು ಖಾಂಗ್ ಮುಟ್ಟಲಿಲ್ಲ.

ಗಾಜನ್ನು ಅವನು ಫೋಟೋ ಕೆಟ್ಟ ದಿನವೇ ತಿರುಗಿಸಿ ಬಿಗಿದಿದ್ದ. ಆದರೆ ಫಿಲ್ಮು ಬರಲು ಏಳು ತಿಂಗಳು ಹಿಡಿಯಿತು. ಬಂದ ದಿನವೇ ಕಾಲುವೆಯಾಚೆಗೆ ಹೇಳಿ ಕಳಿಸಿದ, ಅಜ್ಜಿಯನ್ನು ಇನ್ನೊಮ್ಮೆ ಕರೆದುಕೊಂಡು ಬನ್ನಿ, ಆಗದಿದ್ದರೆ ನಾನೇ ಕ್ಯಾಮೆರಾ ಹೊತ್ತು ಬರುತ್ತೇನೆ ಎಂದು. ಹೋದ ದೋಣಿಯವನು ಸಂಜೆ ವಾಪಸು ಬಂದ. ಅಜ್ಜಿ ತೀರಿಕೊಂಡು ಇಪ್ಪತ್ತು ದಿನವಾಯಿತಂತೆ.

ನೂರನೆಯ ದಿನದ ಪೂಜೆಗೆ ಅವನು ಹೋದ. ಹೋಗುವ ಮುನ್ನ ಹಳೆಯ ಫಿಲ್ಮಿನಿಂದ ಇನ್ನೊಂದು ಪ್ರಿಂಟು ಹಾಕಿ, ಅದಕ್ಕೆ ಕುಂಚ ಮುಟ್ಟಿಸದೆ, ಹೆಗಲ ಚೀಲದಲ್ಲಿಟ್ಟುಕೊಂಡ. ಮಂಜಾದರೇನು, ಆ ಮಂಜಿನೊಳಗೆ ಇರುವುದು ಅವಳದೇ ಕಣ್ಣು. ಕಣ್ಣು ಅರೆಮುಚ್ಚಿ ಸ್ವಲ್ಪ ದೂರದಿಂದ ನೋಡಿದರೆ ಆ ತುಂಟತನವೂ ಹೊಳೆಯುತ್ತಿತ್ತು.

ಮನೆ ತುಂಬ ನೆಂಟರು. ಪೂಜೆಯ ಮೇಜಿನ ಮೇಲೆ ಹಣ್ಣು, ಅಂಟಕ್ಕಿ, ಬೇಯಿಸಿದ ಕೋಳಿ, ಅದರ ಹಿಂದೆ ಅಜ್ಜಿಯ ಫೋಟೋ. ಖಾಂಗ್ ಲಿಯೂಳನ್ನು ಹಿತ್ತಿಲ ಬಾಗಿಲಿಗೆ ಕರೆದು ಎಲ್ಲ ಹೇಳಿದ. ನಾಲ್ಕು ತಿರುಪಿನ ವಿಷಯವನ್ನೂ ಮುಚ್ಚಿಡಲಿಲ್ಲ.

ಲಿಯೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಮೇಲಿತ್ತು.

"ನಂಗೂ ಅವತ್ತೇ ಅನ್ನಿಸ್ತು ಖಾಂಗಣ್ಣ, ಇದು ಅಮ್ಮನ ಕಣ್ಣಲ್ಲ ಅಂತ," ಎಂದಳು. "ಅಮ್ಮ ಅಷ್ಟು ಖುಷಿಯಾಗಿದ್ಲಲ್ಲ, ನಾನೇನು ಹೇಳ್ಲಿ. ಅವಳು ಹೋದ ಮೇಲೆ ಮೊದಲ ವಾರ ಇದರ ಮುಂದೆ ನಿಲ್ಲೋಕೇ ಆಗ್ತಿರ್ಲಿಲ್ಲ. ಆಮೇಲೆ ಅಭ್ಯಾಸ ಆಯ್ತು. ಈಗ ಅಮ್ಮನ್ನ ನೆನೆಸ್ಕೊಂಡ್ರೆ ನಂಗೆ ಇದೇ ಕಣ್ಣು ಬರುತ್ತೆ."

ಅವನು ಹೊಸ ಪ್ರಿಂಟು ಕೊಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಎಲ್ಲಿ ಒಂದು ಚೂರು ಗುರುತು ಸಿಗುತ್ತದೋ ಎಂದು ಖಾಂಗ್ ಅವಳ ಮುಖವನ್ನೇ ನೋಡುತ್ತ ನಿಂತ. ದೂರದಿಂದ ನೋಡಮ್ಮ, ಕಣ್ಣು ಅರೆಮುಚ್ಚಿ ನೋಡು, ಎಂದ. ಅವಳು ಹಾಗೆಯೂ ನೋಡಿದಳು.

"ಇದು ಯಾರೋ ಕಾಯಿಲೆಯವರ ಥರ ಕಾಣುತ್ತೆ ಅಣ್ಣ," ಎಂದಳು ಕೊನೆಗೆ, ಬಹಳ ಮೆತ್ತಗೆ. "ನನಗೆ ಗುರುತು ಸಿಕ್ತಿಲ್ಲ. ನೆಂಟರ ಕಣ್ಣಿಗೆ ಬೀಳೋದು ಬೇಡ, ಚೀಲದೊಳಗೇ ಇಟ್ಕೊಳ್ಳಿ. ಬನ್ನಿ, ಅಮ್ಮನಿಗೆ ಊದುಬತ್ತಿ ಹಚ್ಚಿ ಊಟಕ್ಕೆ ಕೂತ್ಕೊಳ್ಳಿ."

ಮೂರು ಊದುಬತ್ತಿ ಹೊತ್ತಿಸಿ ಅವನ ಕೈಗೆ ಕೊಟ್ಟಳು. ತಾನೇ ಬರೆದ ಆ ಚಂದದ ಕಣ್ಣುಗಳ ಮುಂದೆ ಖಾಂಗ್ ಮೂರು ಸಲ ಬಾಗಿದ. ಬಾಗಿದಾಗಲೆಲ್ಲ ಹೆಗಲ ಚೀಲ ಮುಂದಕ್ಕೆ ಜಾರುತ್ತಿತ್ತು. ಮೆನ್ ಅಜ್ಜಿ ಅದರೊಳಗಿದ್ದಳು.